ಹೊಗೆ ಕಮ್ಮಿ ಆಯ್ತಾ, ಊರು ಬಿಟ್ಟು ಹೋಯ್ತಾ?

(ಬೆಂಗಳೂರಿನ ಓದುಗರ ಬಳಗವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮುಂಚೆ ನೀವೆಲ್ಲ ಸ್ನಾನ ಮುಗಿಸಿ ಬಂದಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ. ಒಂದು ಬಕೆಟ್ ಅಂದರೆ 20 ಲೀಟರ್ ನೀರು. ನಲ್ಲಿಯಲ್ಲಿ ಬರುವಾಗ ಅದು 22 ಡಿಗ್ರಿ ಇತ್ತು ಅಂದುಕೊಳ್ಳಿ. ಮೈಗೆ ಹಿತವಾಗಬೇಕು ಅಂದರೆ 42 ಡಿಗ್ರಿಗೆ ತರಬೇಕು. ಇದಕ್ಕೆ ಹತ್ತಿರ ಹತ್ತಿರ ಅರ್ಧ ಯೂನಿಟ್ ಕರೆಂಟ್ ಬೇಕು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್ ತಯಾರಾಗುವಾಗ ಸರಾಸರಿ 700 ಗ್ರಾಂ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ಒಬ್ಬರ ಸ್ನಾನಕ್ಕೆ ಸುಮಾರು 350 ಗ್ರಾಂ. ನಾಲ್ಕು ಜನರ ಮನೆಯಲ್ಲಿ ವರ್ಷಕ್ಕೆ 500 ಕೆಜಿ.

ನನ್ನ ಅಜ್ಜಿಯ ಮನೆಯಲ್ಲಿ ಬಚ್ಚಲ ಒಲೆ ಇತ್ತು. ಅದರ ಮೇಲೆ ತಾಮ್ರದ ಹಂಡೆ. ತೆಂಗಿನ ಮಟ್ಟೆ, ಸೌದೆ ತುರುಕಿ ಊದಿದರೆ ಕಣ್ಣು ಉರಿಯುವಷ್ಟು ಹೊಗೆ. ಗೋಡೆಯೆಲ್ಲ ಕಪ್ಪು. ನನ್ನ ಮನೆಯ ಬಚ್ಚಲಿನಲ್ಲಿ ಬಿಳಿ ಟೈಲ್ಸ್ ಇದೆ, ಗೀಸರ್ ಇದೆ, ಹೊಗೆ ಇಲ್ಲ. ಆದರೆ ರಾಯಚೂರಿನ ಹತ್ತಿರ ಶಕ್ತಿನಗರಕ್ಕೆ ಹೋದರೆ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು ಕಾಣುತ್ತವೆ. ನನ್ನ ಬಚ್ಚಲ ಹೊಗೆ ಅಲ್ಲಿದೆ. ಅದು ಹೋಗಿಲ್ಲ, ಜಾಗ ಬದಲಾಯಿಸಿದೆ.

ಇನ್ನು ಮುಂದೆ ಇಂಗಾಲ ಅಂದರೂ ಹೊಗೆಯ ಲೆಕ್ಕ ಅಂದರೂ ನಾನು ಹೇಳುವುದು ಈ ಕಾರ್ಬನ್ ಡೈಆಕ್ಸೈಡ್ ಬಗ್ಗೆಯೇ. ನಗರಗಳು ಇಂಗಾಲ ಕಡಿಮೆ ಮಾಡುತ್ತೇವೆ ಅಂತ ಹೊರಟಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಹೊಗೆ ಕಮ್ಮಿ ಆಯ್ತಾ, ಊರು ಬಿಟ್ಟು ಹೋಯ್ತಾ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಆ ನೀತಿ ಇಲ್ಲದಿದ್ದರೂ ಅಷ್ಟು ಕಮ್ಮಿ ಆಗುತ್ತಿತ್ತಾ?

ಇದನ್ನು ದೊಡ್ಡ ಮಟ್ಟದಲ್ಲಿ ಪ್ರಯೋಗ ಮಾಡಿ ನೋಡಿದ ದೇಶ ಚೀನಾ. 2010ರ ಜುಲೈನಲ್ಲಿ ಅಲ್ಲಿನ ಸರ್ಕಾರ ಐದು ಪ್ರಾಂತ್ಯ ಮತ್ತು ಎಂಟು ನಗರಗಳನ್ನು ಆರಿಸಿ, ನೀವು ಕಡಿಮೆ ಇಂಗಾಲದ ಮಾದರಿ ಊರುಗಳಾಗಿ ಅಂದಿತು. ಶೆಂಜೆನ್, ಹ್ಯಾಂಗ್‌ಝೌ, ತಿಯಾಂಜಿನ್, ಚೊಂಗ್‌ಚಿಂಗ್ ಆ ಮೊದಲ ಪಟ್ಟಿಯಲ್ಲಿದ್ದವು. 2012ರ ಕೊನೆಗೆ ಎರಡನೇ ತಂಡ ಬಂತು. 2017ರ ಜನವರಿಯಲ್ಲಿ ಮೂರನೆಯದು, ಅದರಲ್ಲಿ 45 ನಗರಗಳು. ಹೊಗೆಯ ಲೆಕ್ಕಪುಸ್ತಕ ಇಡಿ, ಯೋಜನೆ ಬರೆಯಿರಿ, ಹೊಗೆ ಉಗುಳುವ ಉದ್ಯಮಗಳ ಬದಲು ಬೇರೆಯದನ್ನು ಬೆಳೆಸಿ ಅಂತ ಹೇಳಿದರು. ಇಷ್ಟೇ ಟನ್ ಇಳಿಸಬೇಕು ಅನ್ನುವ ಕಟ್ಟುನಿಟ್ಟು ಮೊದಲಿಗೆ ಇರಲಿಲ್ಲ. ಮೂರನೇ ತಂಡದ ಹೊತ್ತಿಗೆ ಮಾತ್ರ, ನಿಮ್ಮ ಊರಿನ ಹೊಗೆ ಯಾವ ವರ್ಷ ತುತ್ತತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ ಅಂತ ಹೇಳಿ ಅಂದರು.

ಇದರಿಂದ ಏನಾಯಿತು ಅಂತ ಅಳೆಯುವುದು ಹೇಗೆ? ಅಕ್ಕಪಕ್ಕ ಎರಡು ಗದ್ದೆ ಇವೆ ಅಂದುಕೊಳ್ಳಿ. ಒಂದಕ್ಕೆ ಹೊಸ ಗೊಬ್ಬರ ಹಾಕಿದಿರಿ, ಇನ್ನೊಂದಕ್ಕೆ ಇಲ್ಲ. ಆ ವರ್ಷ ಮಳೆ ಚೆನ್ನಾಗಿ ಬಂತು. ಗೊಬ್ಬರ ಹಾಕದ ಗದ್ದೆಯಲ್ಲೂ ಹೋದ ವರ್ಷಕ್ಕಿಂತ ಎರಡು ಮೂಟೆ ಜಾಸ್ತಿ ಭತ್ತ ಬಂತು. ಹಾಕಿದ ಗದ್ದೆಯಲ್ಲಿ ಐದು ಮೂಟೆ ಜಾಸ್ತಿ. ಹಾಗಾದರೆ ಗೊಬ್ಬರದ ಪಾಲು ಐದಲ್ಲ, ಮೂರು. ಉಳಿದದ್ದು ಮಳೆಯ ಪಾಲು. ಸಂಶೋಧಕರು ಚೀನಾದ ಮಾದರಿ ನಗರಗಳನ್ನೂ ಪಟ್ಟಿಯಲ್ಲಿಲ್ಲದ ನಗರಗಳನ್ನೂ ಹೀಗೇ ಪಕ್ಕದಲ್ಲಿಟ್ಟು ನೋಡಿದ್ದಾರೆ. ಬಹಳಷ್ಟು ಅಧ್ಯಯನಗಳಿಗೆ ಇಳಿಕೆ ಕಂಡಿದೆ. ಎಷ್ಟು ಅನ್ನುವುದರಲ್ಲಿ ಒಮ್ಮತ ಇಲ್ಲ.

ಒಮ್ಮತ ಯಾಕಿಲ್ಲ ಅನ್ನುವುದೂ ಗದ್ದೆಯ ಉದಾಹರಣೆಯಲ್ಲೇ ಇದೆ. ಗೊಬ್ಬರ ಹಾಕಲು ನೀವು ಆರಿಸಿಕೊಂಡದ್ದು ನಾಲೆ ಪಕ್ಕದ ಒಳ್ಳೆಯ ಗದ್ದೆಯಾಗಿದ್ದರೆ? ಶೆಂಜೆನ್, ಹ್ಯಾಂಗ್‌ಝೌ ಮೊದಲೇ ದುಡ್ಡಿದ್ದ ಊರುಗಳು. ತಂತ್ರಜ್ಞಾನ, ವ್ಯಾಪಾರದ ಕಡೆ ಆಗಲೇ ಹೊರಳಿದ್ದವು. ಪಟ್ಟಿಗೆ ಸೇರಿಸದಿದ್ದರೂ ಅವು ಆ ಕಡೆಗೇ ಹೋಗುತ್ತಿದ್ದವೇನೋ.

ಇನ್ನೊಂದು ವಿಷಯ, ಯಾವುದನ್ನು ಅಳೆಯುತ್ತೇವೆ ಅನ್ನುವುದು. ನೂರು ರೂಪಾಯಿಯ ಉತ್ಪಾದನೆಗೆ ಎಷ್ಟು ಹೊಗೆ ಅಂತ ಅಳೆಯಬಹುದು. ಒಟ್ಟು ಎಷ್ಟು ಹೊಗೆ ಅಂತಲೂ ಅಳೆಯಬಹುದು. ಮೊದಲನೆಯ ಲೆಕ್ಕದಲ್ಲಿ 2005ರಿಂದ 2019ರ ಒಳಗೆ ಚೀನಾ 48.1 ಶೇಕಡಾ ಇಳಿಸಿದೆ ಅಂತ ಅಲ್ಲಿನ ಸರ್ಕಾರ ಹೇಳಿತು. ನಿಜವಾಗಲೂ ದೊಡ್ಡ ಸಾಧನೆ. ಆದರೆ ಅದೇ ಅವಧಿಯಲ್ಲಿ ಆ ದೇಶದ ಒಟ್ಟು ಹೊಗೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಯಿತು. ಬೈಕಿನ ಮೈಲೇಜ್ 40ರಿಂದ 70ಕ್ಕೆ ಏರಿತು, ಆದರೆ ಮೊದಲಿಗಿಂತ ಮೂರು ಪಟ್ಟು ದೂರ ಓಡಿಸಲು ಶುರು ಮಾಡಿದಿರಿ. ಪೆಟ್ರೋಲ್ ಖರ್ಚು ಇಳಿಯುತ್ತದಾ? ಆಕಾಶಕ್ಕೆ ಮೈಲೇಜ್ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಟ್ಯಾಂಕ್ ಎಷ್ಟು ಸಲ ಖಾಲಿಯಾಯಿತು ಅನ್ನುವುದು ಮಾತ್ರ.

ಊರು ಬಿಟ್ಟು ಹೋದ ಹೊಗೆಗೆ ಚೀನಾದಲ್ಲೇ ಒಂದು ಉದಾಹರಣೆ ಇದೆ. ಬೀಜಿಂಗ್‌ನ ಪಶ್ಚಿಮ ಭಾಗದಲ್ಲಿ ಶೌಗಾಂಗ್ ಅನ್ನುವ ದೊಡ್ಡ ಉಕ್ಕಿನ ಕಾರ್ಖಾನೆ ಇತ್ತು. 1919ರಲ್ಲಿ ಶುರುವಾದದ್ದು. ರಾಜಧಾನಿಯ ಗಾಳಿ ಕೆಡುತ್ತಿದೆ ಅಂತ ಅದನ್ನು ಪಕ್ಕದ ಹೆಬೇ ಪ್ರಾಂತ್ಯದ ಕಡಲ ತೀರಕ್ಕೆ, ಚಾವೊಫೇಡಿಯನ್ ಎಂಬಲ್ಲಿಗೆ ಸಾಗಿಸಿದರು. 2010ರ ಕೊನೆಗೆ ಬೀಜಿಂಗ್‌ನ ಕುಲುಮೆಗಳು ಆರಿದವು. 2022ರ ಚಳಿಗಾಲದ ಒಲಿಂಪಿಕ್ಸ್ ಟಿವಿಯಲ್ಲಿ ನೋಡಿದವರಿಗೆ ನೆನಪಿರಬಹುದು, ಹಿಮದ ಮೇಲಿಂದ ಆಟಗಾರರು ಜಿಗಿಯುವಾಗ ಹಿಂದೆ ದೈತ್ಯ ಕೂಲಿಂಗ್ ಟವರ್‌ಗಳು ಕಾಣುತ್ತಿದ್ದವು. ಅದೇ ಹಳೆಯ ಕಾರ್ಖಾನೆಯ ಜಾಗ. ಬೀಜಿಂಗ್‌ನ ಲೆಕ್ಕದಿಂದ ಅಷ್ಟೂ ಹೊಗೆ ಮಾಯವಾಯಿತು. ಉಕ್ಕು ಮಾತ್ರ ಇವತ್ತೂ ತಯಾರಾಗುತ್ತಿದೆ. ಹೊಸ ಕಾರ್ಖಾನೆ ಹಳೆಯದಕ್ಕಿಂತ ಚೆನ್ನಾಗಿದೆ, ಆದ್ದರಿಂದ ಸ್ವಲ್ಪ ಉಳಿತಾಯ ಇದ್ದೇ ಇದೆ. ಬೀಜಿಂಗ್‌ನ ಜನರ ಎದೆಗೂ ಇದರಿಂದ ಒಳ್ಳೆಯದಾಗಿದೆ, ಅದನ್ನು ನಾನು ಸಣ್ಣದು ಅನ್ನುವುದಿಲ್ಲ. ಆದರೆ ಬೀಜಿಂಗ್ ಕಳೆದುಕೊಂಡ ಹೊಗೆಯನ್ನೆಲ್ಲ ಜಗತ್ತು ಉಳಿಸಿದ ಹೊಗೆ ಅಂತ ಬರೆದುಕೊಂಡರೆ ಅದು ತಪ್ಪು ಲೆಕ್ಕ.

ಈಗ ಬಸ್ಸಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಇದು ನಮ್ಮ ಊರಿನ ವಿಷಯವೂ ಹೌದು.

ಶೆಂಜೆನ್ 2017ರ ಕೊನೆಗೆ ತನ್ನ ಎಲ್ಲ ಸಿಟಿ ಬಸ್ಸುಗಳನ್ನು ಎಲೆಕ್ಟ್ರಿಕ್ ಮಾಡಿ ಮುಗಿಸಿತು. 16,000ಕ್ಕೂ ಹೆಚ್ಚು ಬಸ್ಸು. ಅಷ್ಟು ದೊಡ್ಡ ಊರು ಅದನ್ನು ಮಾಡಿದ್ದು ಜಗತ್ತಿನಲ್ಲೇ ಮೊದಲು. ಬೆಂಗಳೂರಿನಲ್ಲಿ ಬಿಎಂಟಿಸಿ 2014ರಲ್ಲೇ ಒಂದು ಎಲೆಕ್ಟ್ರಿಕ್ ಬಸ್ಸನ್ನು ಪರೀಕ್ಷೆಗೆ ಓಡಿಸಿತ್ತು. ನಿಜವಾಗಿ ಬಸ್ಸುಗಳು ಬರಲು ಶುರುವಾದದ್ದು 2021ರ ಕೊನೆಯಿಂದ. ಈಗ ಅವು ಎಲ್ಲ ಕಡೆ ಕಾಣುತ್ತವೆ. ಸದ್ದಿಲ್ಲದೆ ಬಂದು ನಿಲ್ಲುತ್ತವೆ.

ಲೆಕ್ಕ ಹಾಕೋಣ. ಸಾಧಾರಣ ಡೀಸೆಲ್ ಬಸ್ಸು ಲೀಟರಿಗೆ 4 ಕಿಲೋಮೀಟರ್ ಓಡುತ್ತದೆ ಅಂದುಕೊಳ್ಳಿ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ ಕಿಲೋಮೀಟರಿಗೆ 670 ಗ್ರಾಂ. ಅದೇ ಅಳತೆಯ ಎಲೆಕ್ಟ್ರಿಕ್ ಬಸ್ಸಿಗೆ ಕಿಲೋಮೀಟರಿಗೆ ಒಂದು ಯೂನಿಟ್ ಬೇಕು, ಕೆಲವಕ್ಕೆ ಸ್ವಲ್ಪ ಜಾಸ್ತಿ. ಒಂದು ಯೂನಿಟ್ಟಿಗೆ 700 ಗ್ರಾಂ. ಗಮನಿಸಿದಿರಾ? ಎರಡೂ ಹೆಚ್ಚುಕಮ್ಮಿ ಒಂದೇ!

ಇದನ್ನು ಕೇಳಿ, ಹಾಗಾದರೆ ಎಲೆಕ್ಟ್ರಿಕ್ ಬಸ್ಸು ಸುಮ್ನೆ ದಂಡ ಅನ್ನಬೇಡಿ. ಬಸ್ ಸ್ಟಾಪಿನಲ್ಲಿ ನಿಂತ ಹೆಂಗಸರು, ಮಕ್ಕಳು, ಟ್ರಾಫಿಕ್ ಪೊಲೀಸರು, ಸೊಪ್ಪು ಮಾರುವವರು ಆ ಕಪ್ಪು ಹೊಗೆಯನ್ನು ಕುಡಿಯುವುದು ತಪ್ಪುತ್ತದೆ. ಆ ಒಂದೇ ಕಾರಣಕ್ಕೂ ಈ ಬಸ್ಸುಗಳು ಬೇಕು. ಡೀಸೆಲ್ ತೆಗೆದು, ಶುದ್ಧಿ ಮಾಡಿ, ಇಲ್ಲಿಗೆ ತರುವ ಹೊಗೆಯನ್ನು ನಾನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ, ಅದೂ ಇದೆ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಬಸ್ಸಿನ ನೀತಿ ಎಷ್ಟು ಹೊಗೆ ಇಳಿಸುತ್ತದೆ ಅನ್ನುವುದು ಬಸ್ ಡಿಪೋದಲ್ಲಿ ತೀರ್ಮಾನ ಆಗುವುದಿಲ್ಲ. ವಿದ್ಯುತ್ ಸ್ಥಾವರದಲ್ಲಿ ತೀರ್ಮಾನ ಆಗುತ್ತದೆ. ಶೆಂಜೆನ್‌ಗೆ ಪಕ್ಕದಲ್ಲೇ ದಾಯಾ ಬೇ ಅಣುಸ್ಥಾವರ ಇದೆ, ಆ ಪ್ರಾಂತ್ಯಕ್ಕೆ ದೂರದ ಯುನ್ನಾನ್‌ನಿಂದ ಜಲವಿದ್ಯುತ್ ಬರುತ್ತದೆ. ನಮಗೆ ಶರಾವತಿ ಇದೆ, ಪಾವಗಡದ 2,000 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ದೇಶದ ಸರಾಸರಿಗಿಂತ ನಮ್ಮ ಸ್ಥಿತಿ ವಾಸಿ. ಆದರೆ ಬಸ್ಸುಗಳನ್ನು ಚಾರ್ಜಿಗೆ ಹಾಕುವುದು ಹೆಚ್ಚಾಗಿ ರಾತ್ರಿ. ಆಗ ಪಾವಗಡದಲ್ಲಿ ಬಿಸಿಲಿರುವುದಿಲ್ಲ. ಮಧ್ಯಾಹ್ನ ರಶ್ ಕಮ್ಮಿ ಇರುವ ಹೊತ್ತಿನಲ್ಲಿ ಹೆಚ್ಚು ಬಸ್ಸುಗಳನ್ನು ಚಾರ್ಜ್ ಮಾಡಿದರೆ, ಹೊಸ ಬಸ್ಸು ಒಂದನ್ನೂ ಕೊಳ್ಳದೆ ಹೊಗೆ ಇಳಿಯುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಅದೇ ಹಳೆಯ ಡೀಸೆಲ್ ಬಸ್ಸಿನಲ್ಲಿ 40 ಜನ ಇದ್ದಾರೆ ಅಂದರೆ ತಲೆಗೆ ಬೀಳುವುದು ಕಿಲೋಮೀಟರಿಗೆ 17 ಗ್ರಾಂ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿನಲ್ಲಿ ಒಬ್ಬರೇ ಹೋದರೆ 51 ಗ್ರಾಂ. ಲೀಟರಿಗೆ 15 ಕೊಡುವ ಕಾರಿನಲ್ಲಿ ಒಬ್ಬರೇ ಹೋದರೆ 150 ಗ್ರಾಂ. ಡೀಸೆಲ್ ಬಸ್ಸೇ ಇರಲಿ, ಕಾರು ಬಿಟ್ಟು ಅದನ್ನು ಹತ್ತಿದವರ ಹೊಗೆ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಬಸ್ಸಿನ ಎಂಜಿನ್ ಬದಲಾಯಿಸುವುದಕ್ಕಿಂತ ಬಸ್ಸು ಹತ್ತುವವರನ್ನು ಹೆಚ್ಚಿಸುವುದರಲ್ಲಿ ಲಾಭ ಜಾಸ್ತಿ.

ಹಾಗಾದರೆ ಬಸ್ಸು ಜಾಸ್ತಿ ಬಿಟ್ಟರೆ ಕಾರಿನವರು ಹತ್ತುತ್ತಾರಾ? ಇದಕ್ಕೆ ಸ್ವೀಡನ್ನಿನ ಸ್ಟಾಕ್‌ಹೋಮ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ, ಯಾಕೆಂದರೆ ಅವರು ಒಂದೊಂದೇ ಹೆಜ್ಜೆ ಇಟ್ಟು ಪರೀಕ್ಷೆ ಮಾಡಿದರು. 2005ರ ಆಗಸ್ಟ್‌ನಲ್ಲಿ ಮೊದಲು ಸುಮಾರು 200 ಹೊಸ ಬಸ್ಸು ಬಿಟ್ಟರು. ಹೊಸ ರೂಟ್‌ಗಳನ್ನು ಶುರು ಮಾಡಿದರು. ರಸ್ತೆಯಲ್ಲಿ ಕಾರುಗಳು ಹೇಳಿಕೊಳ್ಳುವಷ್ಟು ಕಮ್ಮಿ ಆಗಲಿಲ್ಲ. 2006ರ ಜನವರಿ 3ರಂದು ಎರಡನೇ ಹೆಜ್ಜೆ ಇಟ್ಟರು. ಊರಿನ ಒಳಭಾಗಕ್ಕೆ ಹೋಗುವ, ಬರುವ ಕಾರುಗಳಿಗೆ ಶುಲ್ಕ. ಹೊತ್ತು ನೋಡಿಕೊಂಡು 10, 15 ಅಥವಾ 20 ಕ್ರೋನಾ. ಬೆಳಿಗ್ಗೆ, ಸಂಜೆಯ ರಶ್ಶಿನಲ್ಲಿ ಜಾಸ್ತಿ. ರಾತ್ರಿ ಮತ್ತು ವಾರದ ರಜೆಯಲ್ಲಿ ಇಲ್ಲ. ಟೋಲ್ ಗೇಟ್ ಇಲ್ಲ, ನಿಲ್ಲುವ ಹಾಗಿಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ.

ಆ ಗಡಿ ದಾಟುವ ವಾಹನಗಳು ತಕ್ಷಣ ಐದರಲ್ಲಿ ಒಂದು ಪಾಲು ಕಮ್ಮಿಯಾದವು. ಏಳು ತಿಂಗಳ ಪ್ರಯೋಗ ಜುಲೈ 31ಕ್ಕೆ ಮುಗಿಯಿತು. ಶುಲ್ಕ ನಿಲ್ಲಿಸಿದರು. ಕಾರುಗಳು ವಾಪಸ್ ಬಂದವು. ಸೆಪ್ಟೆಂಬರ್‌ನಲ್ಲಿ ಜನಮತ ಕೇಳಿದರು. ಶುರುವಿನಲ್ಲಿ ಬೇಡ ಅನ್ನುತ್ತಿದ್ದ ಊರಿನ ಜನ ಈಗ ಸಣ್ಣ ಅಂತರದಲ್ಲಿ ಬೇಕು ಅಂದರು. 2007ರ ಆಗಸ್ಟ್ 1ರಿಂದ ಶುಲ್ಕ ಮತ್ತೆ ಬಂತು, ಕಾರುಗಳು ಮತ್ತೆ ಇಳಿದವು. ಹಾಕಿದಾಗ ಇಳಿಯಿತು, ತೆಗೆದಾಗ ಏರಿತು, ಮತ್ತೆ ಹಾಕಿದಾಗ ಇಳಿಯಿತು. ಗೊಬ್ಬರದ ಪಾಲು ಯಾವುದು, ಮಳೆಯ ಪಾಲು ಯಾವುದು ಅನ್ನುವ ಗೊಂದಲವೇ ಇಲ್ಲ. ಇಷ್ಟು ಸ್ಪಷ್ಟ ಸಾಕ್ಷಿ ನಗರ ನೀತಿಗಳಲ್ಲಿ ಸಿಗುವುದು ಅಪರೂಪ.

ಇಂಗಾಲ ಎಷ್ಟು ಇಳಿಯಿತು? ಊರಿನ ಒಳಭಾಗದ ವಾಹನಗಳ ಲೆಕ್ಕ ತೆಗೆದರೆ ಸುಮಾರು 14 ಶೇಕಡಾ. ಸುತ್ತಲಿನ ಇಡೀ ಜಿಲ್ಲೆಯ ವಾಹನಗಳ ಲೆಕ್ಕ ತೆಗೆದರೆ 2ರಿಂದ 3 ಶೇಕಡಾ. ಎರಡೂ ನಿಜ. ಗೆರೆ ಎಲ್ಲಿ ಎಳೆಯುತ್ತೇವೋ ಅದರ ಮೇಲೆ ಸಂಖ್ಯೆ ಬದಲಾಗುತ್ತದೆ. ಯಾರಾದರೂ ನಮ್ಮ ಊರು ಇಷ್ಟು ಶೇಕಡಾ ಇಳಿಸಿತು ಅಂದರೆ, ಯಾವ ಗೆರೆಯ ಒಳಗೆ ಅಂತ ಕೇಳಿ.

ಕೋಪನ್‌ಹೇಗನ್ ಬಗ್ಗೆ ಎರಡೇ ಮಾತು. ಅಲ್ಲಿ ಬಹುತೇಕ ಎಲ್ಲ ಮನೆಗಳಿಗೂ ಒಂದೇ ಪೈಪು ಜಾಲದಿಂದ ಬಿಸಿನೀರು ಬರುತ್ತದೆ, ಮನೆ ಬೆಚ್ಚಗಾಗುವುದೂ ಅದರಿಂದಲೇ. ಆ ಜಾಲಕ್ಕೆ ಕಲ್ಲಿದ್ದಲು ಬಿಟ್ಟು ಬೇರೆ ಇಂಧನ ಕೊಟ್ಟದ್ದರಿಂದ ಊರಿನ ಹೊಗೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು. 2025ಕ್ಕೆ ಇಂಗಾಲ ಸೊನ್ನೆ ಅಂತ 2012ರಲ್ಲಿ ಹೇಳಿಕೊಂಡಿದ್ದರು. ಕಸ ಸುಡುವ ಸ್ಥಾವರದ ಇಂಗಾಲವನ್ನು ಹಿಡಿದಿಡುವ ಯೋಜನೆಗೆ ಹಣ ಸಿಗಲಿಲ್ಲ. 2022ರಲ್ಲಿ, ನಮಗೆ ಆ ಗುರಿ ಮುಟ್ಟಲು ಆಗುವುದಿಲ್ಲ ಅಂತ ನಗರಾಡಳಿತ ಬಹಿರಂಗವಾಗಿ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡದ್ದು ನನಗೆ ಮೆಚ್ಚುಗೆಯ ವಿಷಯ.

ಟೋಕಿಯೊ ನಗರ ರಸ್ತೆಗಳನ್ನು ಬಿಟ್ಟು ಕಟ್ಟಡಗಳನ್ನು ಹಿಡಿಯಿತು. 2010ರ ಏಪ್ರಿಲ್‌ನಿಂದ ಅಲ್ಲಿನ ಸುಮಾರು 1,300 ದೊಡ್ಡ ಕಟ್ಟಡ, ಕಾರ್ಖಾನೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೆ ಇಂಗಾಲದ ಮಿತಿ ಹಾಕಿತು. ಮೊದಲ ಐದು ವರ್ಷದಲ್ಲಿ ಹಳೆಯ ಮಟ್ಟಕ್ಕಿಂತ 6 ಅಥವಾ 8 ಶೇಕಡಾ ಇಳಿಸಬೇಕು. ಜಾಸ್ತಿ ಇಳಿಸಿದವರು ಹೆಚ್ಚುವರಿಯನ್ನು ಮಾರಬಹುದು. ಇಳಿಸದವರು ಕೊರತೆಯ 1.3 ಪಟ್ಟು ಇಳಿಸಬೇಕು, ಅದೂ ಮಾಡದಿದ್ದರೆ ದಂಡ ಕಟ್ಟಬೇಕು, ಹೆಸರನ್ನೂ ಪ್ರಕಟಿಸುತ್ತಾರೆ. 2014ಕ್ಕೆ ನೋಡಿದರೆ ಒಟ್ಟು 25 ಶೇಕಡಾ ಇಳಿದಿತ್ತು. ಪೂರ್ತಿ ಶ್ರೇಯ ನೀತಿಗೇ ಕೊಡಲು ಆಗುವುದಿಲ್ಲ. 2011ರ ಭೂಕಂಪ, ಫುಕುಶಿಮಾ ದುರಂತದ ನಂತರ ಕರೆಂಟಿನ ಕೊರತೆಯಿಂದ ಇಡೀ ಊರೇ ದೀಪ, ಎಸಿ ಕಮ್ಮಿ ಮಾಡಿತ್ತು. ಆದರೆ ಕೊರತೆ ಮುಗಿದ ಮೇಲೂ ಬಳಕೆ ಹಳೆಯ ಮಟ್ಟಕ್ಕೆ ವಾಪಸ್ ಏರಲಿಲ್ಲ. ಪ್ರತಿ ವರ್ಷ ಲೆಕ್ಕ ಕೊಡಬೇಕು, ಅದನ್ನು ಹೊರಗಿನವರು ಪರೀಕ್ಷೆ ಮಾಡುತ್ತಾರೆ ಅನ್ನುವ ನಿಯಮವೇ ಇದಕ್ಕೆ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಈಗ ನಮ್ಮ ಬಕೆಟ್ಟಿಗೆ ವಾಪಸ್ ಬರೋಣ. ಬೆಂಗಳೂರಿನ ಯಾವುದೇ ಮಹಡಿಯ ಮೇಲೆ ನಿಂತು ನೋಡಿ. ಎಲ್ಲ ತಾರಸಿಯ ಮೇಲೂ ಉದ್ದನೆಯ ಡ್ರಮ್, ಅದರ ಕೆಳಗೆ ಕಪ್ಪು ಕೊಳವೆಗಳು. ಸೋಲಾರ್ ಹೀಟರ್. ಅವು ಸುಮ್ನೆ ಬಂದದ್ದಲ್ಲ. 2007ರ ಸುಮಾರಿಗೆ, ಇಷ್ಟು ಅಳತೆಗಿಂತ ದೊಡ್ಡ ಹೊಸ ಮನೆಗೆ ಸೋಲಾರ್ ಹೀಟರ್ ಇದ್ದರೆ ಮಾತ್ರ ವಿದ್ಯುತ್ ಸಂಪರ್ಕ ಅನ್ನುವ ನಿಯಮ ಬಂತು. ಜೊತೆಗೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ. ಇದಕ್ಕೆ ಯಾರೂ ಹವಾಮಾನ ನೀತಿ ಅಂತ ಹೆಸರಿಡಲಿಲ್ಲ. ಬೆಳಗಿನ ಹೊತ್ತು ಎಲ್ಲರೂ ಒಟ್ಟಿಗೆ ಗೀಸರ್ ಹಾಕಿ ಲೋಡ್ ಏರುವುದನ್ನು ತಪ್ಪಿಸಬೇಕಿತ್ತು. ಆದರೂ ನನ್ನ ಲೆಕ್ಕದಲ್ಲಿ ಇದು ಈ ಊರಿನ ಅತ್ಯುತ್ತಮ ಇಂಗಾಲ ನೀತಿಗಳಲ್ಲಿ ಒಂದು. ಇಲ್ಲಿ ಹೊಗೆ ರಾಯಚೂರಿಗೂ ಹೋಗುವುದಿಲ್ಲ, ಬಳ್ಳಾರಿಗೂ ಹೋಗುವುದಿಲ್ಲ. ಹುಟ್ಟುವುದೇ ಇಲ್ಲ.

ಕೊರತೆಯೂ ಇದೆ. ನಮ್ಮ ಮನೆಯಲ್ಲಿ ಡ್ರಮ್ ಮೂರನೇ ಮಹಡಿಯ ಮೇಲಿದೆ, ಬಚ್ಚಲು ನೆಲಮಹಡಿಯಲ್ಲಿ. ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ಮುಂಚೆ ಒಂದೂವರೆ ಬಕೆಟ್ ತಣ್ಣೀರು ಬರುತ್ತದೆ. ನನ್ನ ತಾಯಿ ಅದನ್ನು ಹಿಡಿದಿಟ್ಟು ಪಾತ್ರೆಗೆ, ಗಿಡಕ್ಕೆ ಬಳಸುತ್ತಾರೆ. ಎಷ್ಟೋ ಮನೆಗಳಲ್ಲಿ ಅಷ್ಟು ಹೊತ್ತು ಕಾಯಲು ಬೇಸರಪಟ್ಟು ಗೀಸರ್ ಸ್ವಿಚ್ ಒತ್ತುತ್ತಾರೆ. ನಿಯಮ ಡ್ರಮ್ ಇದೆಯಾ ಅಂತ ನೋಡಿತು. ಪೈಪಿಗೆ ಶಾಖ ಕಳೆದುಹೋಗದ ಹೊದಿಕೆ ಇದೆಯಾ, ಪೈಪು ಎಷ್ಟು ಉದ್ದ ಇದೆ ಅಂತ ನೋಡಲಿಲ್ಲ. 20 ಮಹಡಿಯ ಅಪಾರ್ಟ್‌ಮೆಂಟ್ ಬಂದಮೇಲೆ ಇನ್ನೊಂದು ತೊಡಕು. ತಾರಸಿ ಒಂದೇ, ಮನೆಗಳು ನೂರು. ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆ ಆದ ಮನೆಗೆ 50 ರೂಪಾಯಿ ರಿಯಾಯಿತಿಯ ಆಸೆಯೂ ಉಳಿದಿಲ್ಲ. ಬಡವರ ಮನೆಗೆ ಕರೆಂಟ್ ಸಿಗುವುದು ಒಳ್ಳೆಯದೇ. ಆದರೆ ಆ ಯೋಜನೆ ಬರೆಯುವಾಗಲೇ, ಸೋಲಾರ್ ಹೀಟರ್ ಇಟ್ಟುಕೊಂಡವರಿಗೆ ಬೇರೆ ಏನಾದರೂ ಅನುಕೂಲ ಸೇರಿಸಬಹುದಿತ್ತು.

2023ರ ನವೆಂಬರ್‌ನಲ್ಲಿ ಬೆಂಗಳೂರು ತನ್ನದೇ ಹವಾಮಾನ ಕ್ರಿಯಾ ಯೋಜನೆ ಹೊರತಂದಿತು. 2050ಕ್ಕೆ ನಿವ್ವಳ ಸೊನ್ನೆ, ಅಂದರೆ ಗಾಳಿಗೆ ಬಿಡುವಷ್ಟನ್ನೇ ವಾಪಸ್ ತೆಗೆದು ಲೆಕ್ಕ ಸರಿಮಾಡುವುದು, ಅದರ ಗುರಿ. ಅದನ್ನು ಓದುವವರು ಟೋಕಿಯೊದವರ ಹಾಗೆ ಒಂದು ವಿಷಯ ಹುಡುಕಿ. ಪ್ರತಿ ವರ್ಷ ಯಾರು ಅಳೆಯುತ್ತಾರೆ, ಯಾರು ಪರೀಕ್ಷಿಸುತ್ತಾರೆ, ಇಳಿಯದಿದ್ದರೆ ಯಾರು ಉತ್ತರ ಕೊಡುತ್ತಾರೆ?

ಪ್ರಶ್ನೆ ಕೇಳಿದವರಲ್ಲಿ ಮೊದಲನೆಯವರು ಒಬ್ಬ ಕಾಲೇಜು ಹುಡುಗಿ. "ಸರ್, ಶಕ್ತಿ ಯೋಜನೆಯಿಂದ ಇಷ್ಟು ಜನ ಹೆಂಗಸರು ಬಸ್ಸಿನಲ್ಲಿ ಹೋಗ್ತಿದ್ದಾರಲ್ವಾ, ಅದರಿಂದ ಇಂಗಾಲ ಕಮ್ಮಿ ಆಗಿರಬೇಕಲ್ಲ?"

ಒಳ್ಳೆಯ ಪ್ರಶ್ನೆ ಅಮ್ಮ. ಅದಕ್ಕೆ ಉತ್ತರ ಹುಡುಕಬೇಕು ಅಂದರೆ ಆ ಹೆಂಗಸರು 2023ರ ಜೂನ್‌ಗೆ ಮುಂಚೆ ಹೇಗೆ ಹೋಗುತ್ತಿದ್ದರು ಅಂತ ಕೇಳಬೇಕು. ಸ್ಕೂಟರ್ ಬಿಟ್ಟು ಬಸ್ಸಿಗೆ ಬಂದಿದ್ದರೆ ಹೊಗೆ ಇಳಿದಿದೆ. ಮೊದಲೂ ಬಸ್ಸೇ ಆಗಿದ್ದರೆ, ಅಥವಾ ನಡೆದು ಹೋಗುತ್ತಿದ್ದರೆ, ಅಥವಾ ಹೋಗಲು ದುಡ್ಡಿಲ್ಲದೆ ಮನೆಯಲ್ಲೇ ಇರುತ್ತಿದ್ದರೆ ಹೊಗೆ ಇಳಿದಿಲ್ಲ. ಆದರೆ ಒಬ್ಬಾಕೆ ದುಡಿಯಲು ಹೊರಗೆ ಹೋದಳು ಅನ್ನುವುದಕ್ಕೆ ಗ್ರಾಂ ಲೆಕ್ಕದ ಸಮರ್ಥನೆ ಬೇಕಿಲ್ಲ. ಅದು ಇಂಗಾಲಕ್ಕಾಗಿ ತಂದ ಯೋಜನೆ ಅಲ್ಲ. ಅದನ್ನು ಆ ತಕ್ಕಡಿಯಲ್ಲಿ ತೂಗುವುದೂ ಬೇಡ.

ಎರಡನೆಯವರು ಹಿರಿಯರು, ನಿವೃತ್ತ ಎಂಜಿನಿಯರ್. "ಸ್ಟಾಕ್‌ಹೋಮ್ ಥರ ನಮ್ಮ ಔಟರ್ ರಿಂಗ್ ರೋಡಿನಲ್ಲೂ ಕಾರಿಗೆ ಶುಲ್ಕ ಹಾಕಿ ಅಂತೀರಾ?"

ಹಾಕಲಿ, ಸರ್. ಆದರೆ ಮೊದಲ ಹೆಜ್ಜೆ ಅದಲ್ಲ. 2019ರ ಕೊನೆಯಲ್ಲಿ ಅದೇ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ, ಬಸ್ಸಿಗೆ ಅಂತಲೇ ಒಂದು ಲೇನ್ ಮಾಡಿದ್ದರು. ಕಂಬ ನೆಟ್ಟು ಬೇರೆ ಮಾಡಿದ್ದರು. ಕಾರುಗಳು ಸಾಲಾಗಿ ನಿಂತಿರುವಾಗ ಪಕ್ಕದಲ್ಲಿ ಬಸ್ಸು ಓಡಿಹೋಗುವುದನ್ನು ನಾನು ಕಿಟಕಿ ಸೀಟಿನಲ್ಲಿ ಕೂತು ನೋಡಿದ್ದೇನೆ. ಪಕ್ಕದ ಕಾರಿನಲ್ಲಿದ್ದ ಹುಡುಗ ತಲೆ ಎತ್ತಿ ನಮ್ಮ ಬಸ್ಸನ್ನೇ ನೋಡುತ್ತಿದ್ದ. ಆಮೇಲೆ ಕೊರೋನಾ ಬಂತು, ಮೆಟ್ರೋ ಕೆಲಸ ಶುರುವಾಯಿತು, ಲೇನ್ ಹೋಯಿತು. ಮೆಟ್ರೋ ಕೆಲಸ ಮುಗಿದು ಆ ರಸ್ತೆಗೆ ಹೊಸ ಡಾಂಬರು ಬೀಳುವ ದಿನ, ಕಾರಿನ ಲೇನ್‌ಗಳಿಗೆ ಬಿಳಿ ಗೆರೆ ಎಳೆಯುವ ಮುಂಚೆ ಆ ಬಸ್ ಲೇನ್‌ನ ಗೆರೆ ಎಳೆಯಬೇಕು. ಇದನ್ನು ಕೇಳಿ ನಿಮ್ಮ ವಾರ್ಡಿನವರಿಗೆ, ಶಾಸಕರಿಗೆ ಒಂದು ಪತ್ರ ಬರೆಯುವುದಾದರೆ, ನನ್ನ ಸಹಿಯೂ ಅದರಲ್ಲಿ ಇರಲಿ.